ಮಗ್ಗದ ಸದ್ದಿನಲ್ಲಿ ಕಂಡ ನಾಟಕ ಕಂಪನಿ

ಬನಹಟ್ಟಿಯ ನಮ್ಮ ಓಣಿಯಲ್ಲಿ ಕರೆಂಟ್ ಇದ್ದಾಗ ಟಿವಿ ಕಾಣಿಸುತ್ತಿತ್ತು, ಕೇಳಿಸುತ್ತಿರಲಿಲ್ಲ. ಕರೆಂಟ್ ಹೋದಾಗ ಪಕ್ಕದ ಮನೆಯ ಪಿಸುಮಾತೂ ಕೇಳಿಸುತ್ತಿತ್ತು, ಆದರೆ ಟಿವಿ ಇರುತ್ತಿರಲಿಲ್ಲ. ನಡುಮನೆಯ ಗೋಡೆಗೆ ಹೊಂದಿಕೊಂಡೇ ಅಪ್ಪನ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ಎಡಕ್ಕೂ ಬಲಕ್ಕೂ ನೆರೆಯವರ ಮಗ್ಗಗಳು. ಆ ಸದ್ದಿನಲ್ಲಿ ಟಿವಿಯ ದನಿಯನ್ನು ಪೂರ್ತಿ ಏರಿಸಿದರೂ ಯಾರೋ ಬಾವಿಯೊಳಗೆ ಗೊಣಗಿದಂತಿರುತ್ತಿತ್ತು. ಹೀಗಾಗಿ, ನಾನು ಪಿಯುಸಿ ಓದುತ್ತಿದ್ದ ವರ್ಷ ಶುರುವಾದ ನಾಟಕ ಕಂಪನಿಯ ಧಾರಾವಾಹಿಯನ್ನು ನಾವು ಕೇಳಿದ್ದೆಲ್ಲ ಅವ್ವನ ಬಾಯಿಂದ.

ಮಗ್ಗದ ಮನೆಯವರು ತುಟಿ ನೋಡಿ ಮಾತು ಹಿಡಿಯುತ್ತಾರೆ. ಶೆಡ್ಡಿನ ಆ ತುದಿಯಲ್ಲಿ ಅಪ್ಪ ಬರೀ ಬಾಯಿ ಆಡಿಸಿದರೆ, ಈ ತುದಿಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕೂತ ಅವ್ವನಿಗೆ ಕೇಳಿದ್ದು ಚಹಾವೋ ನೂಲೋ ತಿಳಿಯುತ್ತಿತ್ತು. ಅದೇ ವಿದ್ಯೆಯನ್ನು ಅವಳು ಟಿವಿಗೆ ಹಚ್ಚಿದಳು. ಸಂಜೆ ಏಳೂವರೆಗೆ ಓಣಿಯ ಹೆಂಗಸರು ಬಂದು ಕೂಡುತ್ತಿದ್ದರು. ಕಂಪನಿಯ ನಾಯಕಿ ಬಾಯಿ ತೆರೆದರೆ ಅವ್ವ ಅವಳ ಮಾತನ್ನು ಕೂಗಿ ಹೇಳುತ್ತಿದ್ದಳು. ಮಾಲಕ ಬಾಯಿ ತೆರೆದರೆ ದನಿ ದಪ್ಪವಾಗುತ್ತಿತ್ತು.

ನನಗೆ ಆ ಕಂಪನಿಯ ಹುಚ್ಚು. ಬಣ್ಣದ ಕೋಣೆಯ ಒಡಕು ಕನ್ನಡಿ, ಅರಮನೆ ಬರೆದ ಪರದೆ ಸರಸರ ಇಳಿಯುವುದು, ರಾಜನ ವೇಷದವನು ಕಿರೀಟ ತೆಗೆಯದೆ ಬೀಡಿ ಸೇದುವುದು, ಎಲ್ಲ ಇಷ್ಟ. ಪ್ರತಿ ಕಂತಿನ ತಾರೀಖು, ಕಂಪನಿ ಬೀಡುಬಿಟ್ಟ ಊರು, ಎಷ್ಟು ಹೊತ್ತು ಕರೆಂಟ್ ಕೈಕೊಟ್ಟಿತು ಎಂಬುದನ್ನು ದಿನಚರಿಯಲ್ಲಿ ಬರೆಯುತ್ತಿದ್ದೆ. ಕೆಳಗೆ ಆ ದಿನದ ಒಳ್ಳೆಯ ಮಾತು ಒಂದು. ತಂಬು ಮಾರುತ್ತೇನೆ ಎಂದ ಮಾಲಕನಿಗೆ ನಾಯಕಿ ಕೊಟ್ಟ ಉತ್ತರಕ್ಕೆ ಎರಡು ಗೆರೆ ಎಳೆದಿದ್ದೆ: "ಪರದೆ ಹರದ್ರ ಹೊಲೀಬಹುದ್ರಿ ಯಜಮಾನ್ರ. ಕೊಟ್ಟ ಮಾತ ಹರದ್ರ ಹೊಲ್ಯಾಕ ಸೂಜಿ ಎಲ್ಲಿಂದ ತರ್ತೀರಿ?"

ಕೊನೆಯ ವಾರ ಮುಧೋಳದಿಂದ ಅಪ್ಪನ ತಂಗಿ, ನಮ್ಮ ಅತ್ತೆ, ಬಂದಳು. ಅವಳ ಓಣಿಯಲ್ಲಿ ಮಗ್ಗಗಳಿರಲಿಲ್ಲ. ಧಾರಾವಾಹಿಯನ್ನು ಕಿವಿಯಾರೆ ಕೇಳಿದವಳು. ಸೋಮವಾರದ ಕಂತಿನಲ್ಲಿ ತಂಬು ಮಾರುವ ಹಳೆಯ ದೃಶ್ಯವನ್ನು ಮತ್ತೆ ತೋರಿಸಿದರು, ಅವ್ವ ಸೂಜಿಯ ಮಾತನ್ನು ಮತ್ತೆ ಕೂಗಿ ಹೇಳಿದಳು. ಕಂತು ಮುಗಿಯುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಓಣಿ ಗಪ್ಪಾಯಿತು. ಆ ಕತ್ತಲಲ್ಲಿ ಅತ್ತೆ ತನ್ನ ಅತ್ತಿಗೆಗೆ, ಅಂದರೆ ಅವ್ವನಿಗೆ, ಹೇಳಿದ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

"ಏ ವೈನಿ, ಅದೇನ ಹೇಳಾಕತ್ತಿದ್ದಿ? ಸೂಜಿ, ಹೊಲಿಗಿ ಅಂತ ಆಕಿ ಎಂದೂ ಅಂದೇ ಇಲ್ಲ. 'ದಯವಿಟ್ಟು ಹಾಗೆ ಮಾಡಬೇಡಿ' ಅಂದ್ಳು, ಅಷ್ಟ."

"ಅಂದ್ರ ಅಕ್ಕಾ ಇಷ್ಟ ದಿನಾ ನಮಗ ಬುರುಡಿ ಬಿಟ್ಟಾಳಂತಾತು!" ಎಂದು ಎದುರುಮನೆಯಾಕೆ ನಕ್ಕಳು. ಉಳಿದವರೂ ನಕ್ಕರು.

ಮಂಗಳವಾರ ಅವ್ವ ಟಿವಿ ಮುಂದೆ ಕೂತಳು, ಆದರೆ ಬಾಯಿ ಬಿಚ್ಚಲಿಲ್ಲ. ಮೂಕ ಚಿತ್ರ ನೋಡಲಾರದೆ ಹೆಂಗಸರು ಅರ್ಧಕ್ಕೇ ಎದ್ದು ಹೋದರು. ಆ ರಾತ್ರಿ ಊಟಕ್ಕೆ ಬಡಿಸುತ್ತ ಅವ್ವ ಅಪ್ಪನಿಗೆ ಹೇಳಿದಳು: "ಶುಕ್ರವಾರ ಕಡೀ ಕಂತು. ಅರ್ಧಾ ತಾಸ ಮಗ್ಗ ನಿಂದ್ರಸ್ರಿ. ಎಲ್ಲಾರೂ ಖರೆ ದನಿ ಕೇಳ್ಲಿ. ನಾ ಹೇಳಿದ್ದು ಸುಳ್ಳಾದ್ರ ಇನ್ನ ಟಿವಿ ಮುಂದ ಬಾಯಿ ತೆಗಿಯಂಗಿಲ್ಲ."

"ಕರೆಂಟ್ ಇದ್ದಾಗ ಮಗ್ಗ ನಿಂದ್ರಸೂದಾ? ಮಂದಿ ನಕ್ಕಾರು."

"ನಗಾಕತ್ತಾರ ಈಗಾಗ್ಲೆ," ಎಂದಳು ಅವ್ವ.

ಅಪ್ಪ ಮರುದಿನ ಎಡಬಲದ ಮನೆಗಳಿಗೆ ಹೋಗಿ ಬಂದ. ಏನು ಹೇಳಿದನೋ ಗೊತ್ತಿಲ್ಲ. ಶುಕ್ರವಾರ ಏಳೂವರೆಗೆ ಒಂದೊಂದೇ ಮಗ್ಗ ನಿಂತಿತು. ಲಾಳಿಗಳ ಬಡಿತ ಅಡಗಿತು, ಕರೆಂಟ್ ಇದ್ದೂ ಗೋಡೆ ಗಡಿಯಾರದ ಸದ್ದು ಕೇಳಿಸಿದ್ದು ನನಗೆ ಅದೇ ಮೊದಲು. ಹೆಂಗಸರು ತುಂಬಿ ಕೂತರು. ತಲೆಗೂದಲಲ್ಲಿ ಹತ್ತಿಯ ಧೂಳು ಹೊತ್ತ ನೇಕಾರರು ಬಾಗಿಲಲ್ಲಿ ನಿಂತರು.

ಕೊನೆಯ ದೃಶ್ಯ. ಮಾಲಕ ತಂಬು ಮಾರಿಯೇಬಿಟ್ಟಿದ್ದಾನೆ. ನಾಯಕಿ ಪರದೆಯ ಮುಂದೆ ಬಂದು ನಿಂತಳು. "ಪ್ರಿಯ ಪ್ರೇಕ್ಷಕ ಮಹಾಶಯರೇ, ನಿಮ್ಮ ಪ್ರೋತ್ಸಾಹಕ್ಕೆ ನಾವು ಚಿರಋಣಿಗಳು..."

ತೆಳ್ಳನೆಯ ದನಿ. ಬಸ್ ಸ್ಟ್ಯಾಂಡಿನಲ್ಲಿ ಜಮಖಂಡಿ ಬಸ್ಸು ತಡವಾಗಿದೆ ಎಂದು ಹೇಳುವವರ ಹಾಗೆ.

"ಇದ ಆಕೀ ದನಿ?" ಎಂದಳು ಎದುರುಮನೆಯಾಕೆ. "ಆ ಕಡಿ ಬೆಂಗಳೂರಿನಾಕಿ ಕಾಣಸ್ತಾಳಲ್ಲ!"

"ನಾ ಇಷ್ಟ ದಿನಾ ನಮ್ಮ ಕಡೀದ ಕಂಪನಿ ಅಂತ ತಿಳಕೊಂಡಿದ್ನೆವ್ವಾ," ಎಂದಳು ಇನ್ನೊಬ್ಬಳು.

ಅವ್ವ ತಲೆ ತಗ್ಗಿಸಿದಳು. ಅವ್ವ ಸೋತಿದ್ದಳು. ಅಷ್ಟರಲ್ಲಿ ಅತ್ತೆ ರಿಮೋಟು ಕಸಿದುಕೊಂಡು ದನಿಯನ್ನು ಪೂರ್ತಿ ಇಳಿಸಿಬಿಟ್ಟಳು.

"ವೈನಿ, ನೀನ ಹೇಳ ಮಾರಾಯ್ತಿ. ಸೋಮವಾರ ನಿನ್ನ ಬಾಯಿಂದ ಕೇಳಿದಾಗಿಂದ ನನಗ ಇದು ಸಪ್ಪಗ ಹತ್ತಾಕತ್ತೈತಿ."

"ಆಕಿ ಅನ್ನೂದ ಬ್ಯಾರೆ, ನಾ ಅನ್ನೂದ ಬ್ಯಾರೆ ಐತಲ್ಲ."

"ಇರ್ಲಿ ಬಿಡ. ಆಕಿ ತುಟಿ ಅಷ್ಟ ಆಡಸ್ಲಿ."

"ಹೇಳ್ರಿ ಅಕ್ಕಾರ," ಎಂದರು ಬಾಗಿಲಲ್ಲಿದ್ದವರು. ಅವ್ವ ಎದ್ದು ನಿಂತಳು. ಇಷ್ಟು ದಿನ ಮಗ್ಗದ ಸದ್ದನ್ನು ಮೀರಿ ಕೂಗಿದ ಗಂಟಲು. ಈಗ ಕೂಗುವ ಅಗತ್ಯವಿರಲಿಲ್ಲ. ನಾಯಕಿಯ ಮಾತು ಅವಳ ಬಾಯಲ್ಲಿ ಅಷ್ಟು ಮೆತ್ತಗಾಗಬಲ್ಲದೆಂದು ಅವಳ ಮಗಳಾದ ನನಗೂ ಗೊತ್ತಿರಲಿಲ್ಲ.

"ಮಂದೀ, ನಾಳೆ ಈ ತಂಬು ಇಲ್ಲಿರಂಗಿಲ್ಲ. ಗೂಟಾ ಕಿತ್ತ ತೆಗ್ಗ ಅಷ್ಟ ಉಳೀತಾವು. ಮಳಿ ಬಂದ್ರ ಅವೂ ಮುಚ್ಚತಾವು. ಆದ್ರ ಇಲ್ಲಿ ಕುಂತ ನೀವು ಅತ್ತದ್ದು, ನಕ್ಕದ್ದು ಐತಲ್ಲ, ಅದರ ಗೂಟಾ ಕೀಳೂದು ಯಾವ ಮಾಲಕನ ಕೈಲೂ ಆಗಂಗಿಲ್ಲ."

ಅವ್ವ ಮುಗಿಸುವುದಕ್ಕೂ ಪರದೆಯ ಮೇಲೆ ನಾಯಕಿ ಕೈ ಮುಗಿಯುವುದಕ್ಕೂ ಸರಿಹೋಯಿತು. ಶಿಳ್ಳೆ ಬಿದ್ದವು. ಎದುರುಮನೆಯಾಕೆ ಸೆರಗಿನಿಂದ ಮೂಗು ಒರೆಸಿಕೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಬಡಿದಳು. ಹಿರಿಯ ನೇಕಾರನೊಬ್ಬ, ಕಂಪನಿ ನಾಟಕದಲ್ಲಿ ಮೆಚ್ಚಿದ ಮಾತನ್ನು ಮತ್ತೆ ಆಡಿಸಲು ಜನ ಕೂಗುವಂತೆಯೇ ಕೂಗಿದ: "ವನ್ಸ್ ಮೋರ್!"

ಟಿವಿಯಲ್ಲಿ ಆಗಲೇ ಸೋಪಿನ ಜಾಹೀರಾತು ಬಂದಿತ್ತು. ಅವ್ವ ಅಪ್ಪನ ಮುಖ ನೋಡಿದಳು.

"ಕೇಳಾಕತ್ತಾರಲ್ಲ, ಹೇಳು," ಎಂದ ಅಪ್ಪ. "ಮಗ್ಗ ಹೆಂಗೂ ನಿಂತಾವು."

ಅತ್ತೆ ಟಿವಿ ಆರಿಸಿದಳು. ಅವ್ವ ಅದಕ್ಕೆ ಬೆನ್ನು ಮಾಡಿ ನಮ್ಮ ಕಡೆ ತಿರುಗಿದಳು. ಸೆರಗು ಸರಿಪಡಿಸಿಕೊಂಡು ಮೊದಲಿನಿಂದ ಶುರು ಮಾಡಿದಳು.