ಐದಕ್ಕೆ ಐದು ಕೊಟ್ಟ ಹುಡುಗಿ

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಮಣಿಪಾಲದ ಒಂದು ಕಾಲೇಜಿನಲ್ಲಿ ನಾನು ವಿದೇಶಿ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುತ್ತಿದ್ದೆ. ಪ್ರತಿ ಜುಲೈಯಲ್ಲಿ ಹತ್ತು ಹನ್ನೆರಡು ಮಂದಿ ಬಂದು, ನಾಲ್ಕು ತಿಂಗಳು ಇದ್ದು, ನವೆಂಬರಿನಲ್ಲಿ ಹಿಂದಿರುಗುತ್ತಿದ್ದರು. ಹೊರಡುವ ಮುಂಚೆ ಅವರಿಂದ ಅಭಿಪ್ರಾಯ ಪತ್ರ ತುಂಬಿಸಿ ವರದಿ ಬರೆಯುವ ಕೆಲಸವೂ ನನ್ನದೇ. ವಸತಿ, ಊಟ, ಪಾಠ, ಸುರಕ್ಷತೆ, ಎಲ್ಲದಕ್ಕೂ ಒಂದರಿಂದ ಐದರವರೆಗೆ ಅಂಕ. ಕೊನೆಗೆ ನಾಲ್ಕು ಗೆರೆಯ ಖಾಲಿ ಜಾಗ. ಆ ವರದಿ ನೋಡಿಯೇ ಅವರ ದೇಶದ ವಿಶ್ವವಿದ್ಯಾಲಯದವರು ಮುಂದಿನ ವರ್ಷ ಮಕ್ಕಳನ್ನು ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು.

ಮೊದಲ ವರ್ಷದ ಪತ್ರಗಳನ್ನು ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಓದಿದೆ. ಖಾಲಿ ಜಾಗದಲ್ಲಿ ಹೆಚ್ಚಿನವರು ‘ಥ್ಯಾಂಕ್ಸ್’ ಎಂದಷ್ಟೇ ಬರೆದಿದ್ದರು. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗಿ ಮಾತ್ರ ಎಲ್ಲದಕ್ಕೂ ಐದಕ್ಕೆ ಐದು ಕೊಟ್ಟು, ಕೆಳಗೆ ಇರುವೆಯಂಥ ಅಕ್ಷರದಲ್ಲಿ ನಾಲ್ಕು ಗೆರೆಯನ್ನೂ ತುಂಬಿಸಿದ್ದಳು. ಕಾರ್ಕಳದ ಹತ್ತಿರ ಬಿಟ್ಟುಹೋದ ಕಲ್ಲುಕೋರೆಯೊಂದು ಉಂಟಂತೆ, ಮಳೆ ನೀರು ತುಂಬಿ ಹಸಿರಾಗಿದೆಯಂತೆ. ಅವಳೂ ಜೊತೆಯವರೂ ನಾಲ್ಕು ಆದಿತ್ಯವಾರ ಅಲ್ಲಿ ಈಜಿದ್ದರು. ‘ಮೊಣಕಾಲಿನ ಕೆಳಗೆ ನೀರು ಬೇರೆಯೇ, ಬಹಳ ತಣ್ಣಗೆ. ಕೊನೆಯ ಸಲ ಏನೋ ನನ್ನ ಕಾಲು ಹಿಡಿಯಿತು. ಯಾರಿಗೂ ಹೇಳಿಲ್ಲ. ರಜೆಯ ದಿನ ನಾವು ಎಲ್ಲಿ ಹೋಗುತ್ತೇವೆಂದು ಯಾರಾದರೂ ಕೇಳಬೇಕಿತ್ತು.’

ಇಷ್ಟನ್ನೂ ಹಾಗೆಯೇ ವರದಿಗೆ ಸೇರಿಸಿದೆ. ವಿಭಾಗದ ಮುಖ್ಯಸ್ಥರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಂತ ಮೇಡಂ ಇದು? ಅವಳೇ ಸುರಕ್ಷತೆಗೆ ಐದು ಕೊಟ್ಟಿದ್ದಾಳೆ, ಅಲ್ವಾ?”

“ಕೊಟ್ಟಿದ್ದಾಳೆ ಸರ್. ಆದರೆ ಕೆಳಗೆ ಬರೆದದ್ದು...”

“ಅಲ್ಲಿನವರು ಅಂಕ ಕೇಳಿದ್ದು, ಕತೆ ಅಲ್ಲ. ಇದನ್ನು ಓದಿದರೆ ಹೆದರ್ತಾರೆ. ಆ ಕೋರೆ ನಮ್ಮ ಕಾರ್ಯಕ್ರಮದಲ್ಲಿ ಉಂಟಾ? ಇಲ್ಲ. ಮತ್ತೆ?”

ನಾನು ಹೊಸಬಳು, ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಈ ಮಾತನ್ನು ನೆಪವೆಂದು ಹೇಳುತ್ತಿಲ್ಲ, ಇದ್ದದ್ದು ಹಾಗೆ. ಅವರ ಪೆನ್ನನ್ನೇ ತೆಗೆದುಕೊಂಡು, ಅವರ ಎದುರಿಗೇ ಆ ಸಾಲುಗಳನ್ನು ಹೊಡೆದುಹಾಕಿದೆ. ವರದಿ ಚೆನ್ನಾಗಿ ಬಂದಿದೆ ಎಂದು ಅಲ್ಲಿಂದ ಮೆಚ್ಚುಗೆಯ ಪತ್ರ ಬಂತು.

ಮುಂದಿನ ಜುಲೈಯಲ್ಲಿ ಹೊಸ ತಂಡ ಬಂತು. ಅದರಲ್ಲಿ ಉದ್ದನೆಯ ಒಬ್ಬ ಹುಡುಗನಿಗೆ ಕನ್ನಡದ ಮೇಲೆ ಬಹಳ ಆಸೆ. ಅಕ್ಟೋಬರಿನ ಒಂದು ದಿನ ಅವನು ‘ಡೀಪ್’ ಎನ್ನುವುದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಿದ. “ಆಳ” ಎಂದೆ. ಆಮೇಲೆ ‘ರೋಪ್’ ಎನ್ನುವುದಕ್ಕೂ ಕೇಳಿದ, “ಹಗ್ಗ” ಎಂದೆ. ಕಡಲಿನ ವಿಷಯ ಇರಬೇಕೆಂದುಕೊಂಡು, “ಇಲ್ಲಿ ನೀರು ಆಳ ಉಂಟಾ?” ಎಂಬ ವಾಕ್ಯವನ್ನು ಇಡೀ ತರಗತಿಯಿಂದ ಮೂರು ಸಲ ಹೇಳಿಸಿದೆ. ಚೆನ್ನಾಗಿ ಹೇಳಿದರು. ನನಗೆ ಖುಷಿಯಾಗಿತ್ತು.

ಆ ವಾರದ ಆದಿತ್ಯವಾರ ಬೆಳಿಗ್ಗೆ ಮನೆಯಲ್ಲಿ ಅವರ ನೋಟ್‌ಪುಸ್ತಕ ತಿದ್ದುತ್ತಿದ್ದೆ. ಆ ಹುಡುಗ ತಾನೇ ಮಾಡಿದ ವಾಕ್ಯಗಳನ್ನು ದುಂಡಗೆ ಬರೆದಿದ್ದ. ‘ಕಲ್ಲಿನ ಕೋರೆಗೆ ದಾರಿ ಯಾವುದು? ಆದಿತ್ಯವಾರ ಅಲ್ಲಿ ಜನ ಇರುತ್ತಾರಾ?’

ಕೆಂಪು ಪೆನ್ನು ಅಲ್ಲೇ ನಿಂತಿತು. ಒಂದು ತಪ್ಪೂ ಇರಲಿಲ್ಲ.

ಎಸ್‌ಟಿಡಿ ಬೂತಿಗೆ ಓಡಿ ಹಾಸ್ಟೆಲಿಗೆ ಫೋನ್ ಮಾಡಿದೆ. “ಮೂವರು ಏಳು ಗಂಟೆಗೇ ಕಾರ್ಕಳ ಬಸ್ಸಿಗೆ ಹೋದರಲ್ಲ,” ಎಂದರು ವಾರ್ಡನ್, “ಹೋದ ವರ್ಷದವರು ಈಮೇಲಿನಲ್ಲಿ ಜಾಗ ಹೇಳಿದ್ದಾರಂತೆ.” ಪಡುಬಿದ್ರಿಗೆ ಹೋಗಿ, ಅಲ್ಲಿಂದ ಬೆಳ್ಮಣ್ ದಾರಿಯ ಬಸ್ ಹಿಡಿದೆ. ಆ ಬಸ್ಸು ಪ್ರತಿ ಕಟ್ಟೆಗೂ ನಿಂತಿತು. ಬೆಳ್ಮಣ್ಣಿನಲ್ಲಿ ಡ್ರೈವರ್ ಇಳಿದು ಚಾ ಕುಡಿದು ಬಂದ. ಕಿಟಕಿಯ ಹೊರಗೆ ಕೊಯ್ಲಿಗೆ ಬಂದ ಗದ್ದೆಗಳ ಮೇಲೆ ಒಳ್ಳೆಯ ಬಿಸಿಲಿತ್ತು, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಈಜುವುದಕ್ಕೆ ಅಂಥ ದಿನ ಮತ್ತೊಂದಿಲ್ಲ.

ಕಾರ್ಕಳದಲ್ಲಿ ಇಳಿದು, ದಾರಿ ಕೇಳುತ್ತ ಕೋರೆ ಮುಟ್ಟಿದೆ. ಅದರ ಪಕ್ಕದಲ್ಲಿ ತಗಡಿನ ನಾಲ್ಕು ಶೆಡ್ಡುಗಳಿದ್ದವು; ಹತ್ತಿರದ ಇನ್ನೊಂದು ಕೋರೆಯಲ್ಲಿ ಕಲ್ಲು ಒಡೆಯಲು ಬಿಜಾಪುರದ ಕಡೆಯಿಂದ ಬಂದವರದು. ನೀರಿನ ಅಂಚಿನಲ್ಲಿ ಯಾರೂ ಇರಲಿಲ್ಲ. ಬಂಡೆಯ ಮೇಲೆ ಒಂದು ಜೊತೆ ಬೂಟು, ಮಡಿಸಿಟ್ಟ ಬಿಳಿ ಟವೆಲು. ಒಂದು ಶೆಡ್ಡಿನ ಮುಂದೆ ಒದ್ದೆ ಸೀರೆಯಲ್ಲಿ ಒಬ್ಬ ಹೆಂಗಸು ಕೂತಿದ್ದಳು.

“ಇಲ್ಲಿ ಮೂರು ಜನ ಹುಡುಗರು ಬಂದಿದ್ದರಾ?”

“ಬಂದಿದ್ರರೀ. ಆಳ ಉಂಟಾ ಅಂತ ಕೇಳಿದ, ಆ ಉದ್ದನ್ನಾಂವ. ಭಾಳ ಆಳ ಐತಿ, ಇಳೀಬ್ಯಾಡ್ರಿ ಅಂದೆ. ನಕ್ಕೋತ ಇಳದ. ನಾ ಹೇಳಿದ್ದು ತಿಳೀಲಿಲ್ಲ ಅಂತ ಕಾಣತದ.”

ನಾನು ಪ್ರಶ್ನೆ ಕಲಿಸಿದ್ದೆ. ಉತ್ತರ ತಿಳಿಯುವಷ್ಟು ಕಲಿಸಿರಲಿಲ್ಲ.

ನೀರಿನ ಕೆಳಗೆ ಹಳೆಯ ಕ್ರೇನಿನ ಉಕ್ಕಿನ ಹಗ್ಗ ಸುರುಳಿ ಸುತ್ತಿ ಬಿದ್ದಿತ್ತಂತೆ. ಅವನ ಕಾಲು ಅದರಲ್ಲಿ ಸಿಕ್ಕಿಕೊಂಡಿತು. ಜೊತೆಯವರು ಕಿರುಚಿದಾಗ ಈ ಹೆಂಗಸಿನ ಗಂಡ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೂರು ಸಲ ಮುಳುಗಿದ್ದ; ಇವಳು ಮೇಲಿನಿಂದ ಎಳೆದಿದ್ದಳು. ಹುಡುಗನನ್ನು ಟೆಂಪೋದಲ್ಲಿ ಹಾಕಿ ಮಣಿಪಾಲಕ್ಕೆ ಕಳಿಸಿದ್ದರು.

“ಉಸಿರಿತ್ತಾ?”

“ಇತ್ರೀ. ಸಣ್ಣಗ.” ಒದ್ದೆ ಸೆರಗು ಹಿಂಡುತ್ತ ಅವಳೇ ಹೇಳಿದಳು, “ಬ್ಯಾಸಗಿಗೆ ನಮ್ಮ ಪೈಕಿ ಒಬ್ಬಾಕಿ ಅರಿವೆ ಒಗಿಲಿಕ್ಕೆ ಹೋಗಿ ಬಿದ್ಲು. ಆಕಿ ಮ್ಯಾಲ ಬರಲಿಲ್ಲ. ಬೇಲಿ ಹಾಕ್ರಿ ಅಂತ ಮಾಲಕರಿಗೆ ಹೇಳಿದ್ವಿ.”

ಹುಡುಗ ಬದುಕಿದ. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು, ಪ್ಲಾಸ್ಟರ್ ಹಾಕಿದ ಕಾಲಿನಲ್ಲೇ ವಿಮಾನ ಹತ್ತಿದ. “ಸದ್ಯ, ಏನೂ ಆಗಲಿಲ್ಲ,” ಎಂದರು ಮುಖ್ಯಸ್ಥರು. ಹಿಂದಿನ ವರ್ಷದ ಆ ಹುಡುಗಿಗೆ ನಾನು ನಡೆದದ್ದನ್ನು ಈಮೇಲಿನಲ್ಲಿ ತಿಳಿಸಿದೆ. ಒಂದೇ ಸಾಲಿನ ಉತ್ತರ ಬಂತು: ‘ನೀವು ಓದಿರುತ್ತೀರಿ ಎಂದುಕೊಂಡಿದ್ದೆ.’ ಅದನ್ನು ಕಂಪ್ಯೂಟರಿನ ಪರದೆಯ ಮೇಲೆ ಎಷ್ಟು ಹೊತ್ತು ನೋಡಿದೆನೋ. ಓದಿದ್ದೆ ಎಂದು ಬರೆಯಲು ಧೈರ್ಯ ಬರಲಿಲ್ಲ.

ನವೆಂಬರಿನಲ್ಲಿ ಮತ್ತೆ ಅಭಿಪ್ರಾಯ ಪತ್ರಗಳು ಬಂದವು. ಈ ಸಲ ಖಾಲಿ ಜಾಗದಲ್ಲಿದ್ದ ಪ್ರತಿಯೊಂದು ಮಾತನ್ನೂ, ಹಿಂದಿನ ವರ್ಷ ಹೊಡೆದುಹಾಕಿದ ಸಾಲುಗಳನ್ನೂ ಟೈಪ್ ಮಾಡಿ, ಇಲ್ಲಿ ಯಾರಿಗೂ ತೋರಿಸದೆ ಆ ವಿಶ್ವವಿದ್ಯಾಲಯಕ್ಕೆ ಕಳಿಸಿದೆ. ಮುಂದಿನ ಜುಲೈಯಲ್ಲಿ ವಿದ್ಯಾರ್ಥಿಗಳು ಬರಲಿಲ್ಲ. ಮುಖ್ಯಸ್ಥರು ನನ್ನನ್ನು ಏನೂ ಕೇಳಲಿಲ್ಲ. ಎದುರು ಸಿಕ್ಕಾಗ ನಗುವುದನ್ನು ಮಾತ್ರ ಬಿಟ್ಟರು. ಪರೀಕ್ಷೆಯ ಮೇಲ್ವಿಚಾರಣೆಯ ಪಟ್ಟಿಯಲ್ಲಿ ನನ್ನ ಹೆಸರು ಎಲ್ಲರಿಗಿಂತ ಹೆಚ್ಚು ಸಲ ಬರತೊಡಗಿತು.

ಆ ಹೆಂಗಸನ್ನು ಮತ್ತೊಮ್ಮೆ ಕಂಡದ್ದು ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ. ಗಂಡ ಹೆಂಡತಿ ಪಾತ್ರೆಗಳ ಗಂಟಿನೊಂದಿಗೆ ನಿಂತಿದ್ದರು. ಅಜೆಕಾರಿನ ಕಡೆ ಹೊಸ ಕೋರೆಗೆ ಹೋಗುತ್ತಿದ್ದೇವೆ ಎಂದಳು. ಹಳೆಯದಕ್ಕೆ ಬೇಲಿ ಹಾಕಿದರಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು.

“ಹೊಸ ಜಾಗದಲ್ಲೂ ನೀರು ನಿಲ್ಲುತ್ತದಾ?”

“ಇನ್ನೂ ಅಗದಿಲ್ರೀ,” ಎಂದಳು, “ಅಗದ ಮ್ಯಾಲ ನಿಲ್ಲತೈತಿ.”

ಬಸ್ ಬಂತು. ಗಂಡ ಗಂಟನ್ನು ಮೊದಲು ಒಳಗೆ ತಳ್ಳಿ, ಆಮೇಲೆ ಅವಳ ಕೈ ಹಿಡಿದು ಹತ್ತಿಸಿದ.