ಅಮ್ಮ ಬೇಡವೆಂದ ಮನೆಗಾಡಿ

ಶಿರವಾಡದ ಗ್ಯಾರೇಜಿನಲ್ಲಿ ಹಳೆಯ ವ್ಯಾನೊಂದು ಮಾರಾಟಕ್ಕಿದೆ, ಅದರೊಳಗೆ ಹಾಸಿಗೆ, ಗ್ಯಾಸ್ ಒಲೆ, ಪಾತ್ರೆ ತೊಳೆಯಲು ನಲ್ಲಿ ಎಲ್ಲ ಇವೆ ಎಂದು ಅಪ್ಪ ಸುದ್ದಿ ತಂದದ್ದು ಎರಡು ಸಾವಿರದ ಐದೋ ಆರೋ ಇಸವಿಯಲ್ಲಿ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದ ಅವನು ನಿವೃತ್ತನಾಗಿ ಮೂರು ವರ್ಷವಾಗಿತ್ತು. ಇಡೀ ಸರ್ವೀಸಿನಲ್ಲಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಿಗೂ ಹೋದವನಲ್ಲ. ಡ್ಯೂಟಿ ಅಂದರೆ ಡ್ಯೂಟಿ. ಅಗಸೂರಿನ ತವರಿಗೆ ಹೋಗಲು ಅವನದೇ ಬಸ್ಸು ಸಿಕ್ಕರೂ ಅಮ್ಮ ಹೆಂಗಸರ ಸೀಟಿನಲ್ಲಿ ಕೂತು, ಟಿಕೆಟ್ ತೆಗೆಸಿ, ಅವನ ಬೆನ್ನು ನೋಡುತ್ತ ಹೋಗಬೇಕು. "ರಿಟೈರ್ ಆಗ್ಲಿ, ಊರೂರು ತೋರಿಸ್ತೆ" ಎಂದು ಅವನು ಹೇಳುತ್ತಲೇ ಬಂದಿದ್ದ. ಈಗ ಆ ಮಾತು ಉಳಿಸಿಕೊಳ್ಳಲು ಹೊರಟಿದ್ದ. ಅಮ್ಮ ಹೂಂ ಅಂದರೆ ಮಾತ್ರ ಗಾಡಿ ಕೊಳ್ಳುವುದು ಎಂದು ತೀರ್ಮಾನವಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ನಾವು ಮೂವರೂ ಅಂಕೋಲೆಯಿಂದ ಬಸ್ಸಿನಲ್ಲಿ ಹೋದೆವು. ಅಮ್ಮ ಸಂಬಂಧ ನೋಡಲು ಬಂದವಳ ಗತ್ತಿನಲ್ಲಿ ವ್ಯಾನಿನೊಳಗೆ ಕಾಲಿಟ್ಟಳು. ಗೂಡಿನ ಬಾಗಿಲು ಒಂದೊಂದೇ ತೆಗೆದಳು, ನಲ್ಲಿ ತಿರುಗಿಸಿದಳು, ಹಾಸಿಗೆ ಎತ್ತಿ ಕೆಳಗೆ ಬಗ್ಗಿ ನೋಡಿದಳು.

"ಬಂಗಡೆ ಹುರಿದ್ರೆ ಹೊಗೆ ಎಲ್ಲಿ ಹೋಗ್ತದೆ?" ಎಂದು ಗ್ಯಾರೇಜಿನವನನ್ನು ಕೇಳಿದಳು.

ಅವನು ಮೇಲಿನ ಕಿಂಡಿ ತೆರೆದು ತೋರಿಸಿದ. ಅಮ್ಮ ತಲೆದೂಗಿದಳು. ಅವಳ ಮುಖ ನೋಡಿದರೆ ಸಾಕಿತ್ತು, ಗಾಡಿ ನಮ್ಮದಾಯಿತೆಂದೇ ನಾನು ಅಂದುಕೊಂಡೆ.

ಓಡಿಸಿ ನೋಡುವುದೊಂದು ಬಾಕಿಯಿತ್ತು. ಅಪ್ಪ ಸ್ಟೀರಿಂಗ್ ಹಿಡಿದ, ಅಮ್ಮ ಪಕ್ಕದಲ್ಲಿ ಕೂತಳು. ಗ್ಯಾರೇಜಿನವನೂ ನಾನೂ ಹಿಂದೆ. ಪೇಟೆ ದಾಟಿ ಬಿಣಗಾ ಏರು ಹತ್ತುವಾಗ ಅಪ್ಪನ ಕೈ ಗೇರಿನ ಮೇಲೆ ಹಳೆಯ ಸಲಿಗೆಯಿಂದ ಆಡುತ್ತಿತ್ತು. ಆಮೇಲೆ ತಮಾಷೆ ಶುರುವಾಯಿತು. ಬಸ್ ಸ್ಟಾಪ್ ಬಂದಲ್ಲೆಲ್ಲ ಅವನು ಗಾಡಿ ಎಡಕ್ಕೆ ತಂದು ನಿಲ್ಲಿಸುತ್ತಿದ್ದ! ತನಗೇ ತಿಳಿಯದಂತೆ. ನಾನು ಹಿಂದಿನಿಂದ "ರೈಟ್" ಎಂದು ಕೂಗಿದರೆ ಹೊರಡುತ್ತಿದ್ದ. ಅಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನಾನು ಆಗಲೇ ನೋಡಿದ್ದು, ಆ ನಗು ಇವತ್ತಿಗೂ ನನಗೆ ಬೇಕು ಅನ್ನಿಸುತ್ತದೆ.

ಅಮದಳ್ಳಿಯಲ್ಲೂ ನಿಲ್ಲಿಸಿದ. ಅಲ್ಲಿ ಯಾರೂ ಇರಲಿಲ್ಲ. ರಸ್ತೆ ಕೆಲಸವಾದ ಮೇಲೆ ಸ್ಟಾಪು ಐವತ್ತು ಹೆಜ್ಜೆ ಮುಂದಕ್ಕೆ ಹೋಗಿತ್ತು, ಜನ ಅಲ್ಲಿ ಗುಂಪಾಗಿ ನಿಂತಿದ್ದರು.

"ಇವತ್ತು ಯಾರೂ ಇಲ್ವಲ್ಲ" ಅಂದ ಅಪ್ಪ.

ನಾನು ಮತ್ತೆ "ರೈಟ್" ಅಂದೆ. ಈ ಸಲ ಅಮ್ಮ ನಗಲಿಲ್ಲ. ರಸ್ತೆ ನೋಡುವುದು ಬಿಟ್ಟು ಅಪ್ಪನ ಮುಖ ನೋಡತೊಡಗಿದಳು.

ಸ್ವಲ್ಪ ದೂರದಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ರಸ್ತೆ ದಾಟುತ್ತಿದ್ದಳು. ಹಿಂದೆ ಕೂತ ನನಗೇ ಕಾಣುತ್ತಿತ್ತು. ಗಾಡಿಯ ವೇಗ ಮಾತ್ರ ತಗ್ಗಲಿಲ್ಲ.

"ನಿಲ್ಸಿ" ಎಂದು ಅಮ್ಮ ಅವನ ತೋಳು ಹಿಡಿದಳು.

ಬ್ರೇಕಿನ ರಭಸಕ್ಕೆ ಗೂಡಿನಲ್ಲಿದ್ದ ಪಾತ್ರೆ ನನ್ನ ಕಾಲ ಬುಡಕ್ಕೆ ಬಿತ್ತು. ಆ ಹೆಂಗಸು ನಾಲ್ಕು ಮಾರು ದೂರದಲ್ಲಿ ನಿಂತು, ಕೊಂಕಣಿಯಲ್ಲಿ ಬೈದು ದಾಟಿಹೋದಳು. "ಒಮ್ಮೆಲೆ ಅಡ್ಡ ಬಂದ್ಲು" ಎಂದ ಅಪ್ಪ. ಗಾಡಿಯ ಖುಷಿಯಲ್ಲಿ ಮೈಮರೆತಿದ್ದಾನೆ ಎಂದುಕೊಂಡೆ ನಾನು.

ಅಮ್ಮ ತನಗೆ ತಲೆ ಸುತ್ತುತ್ತಿದೆ ಎಂದಳು. "ನೀವು ಹಿಂದೆ ನನ್ನ ಹತ್ರ ಕೂತ್ಕಳಿ. ವಾಪಸ್ ಅವ್ರೇ ಬಿಡ್ಲಿ." ಗ್ಯಾರೇಜಿನವನು ಗಾಡಿ ತಿರುಗಿಸಿದ.

ಶಿರವಾಡ ಮುಟ್ಟಿದ್ದೇ ತಡ, ಅಮ್ಮ ಒಂದೊಂದೇ ಕೊರತೆ ತೆಗೆದಳು. ಒಲೆ ಗಿಡ್ಡ, ಜಾಗ ಇಕ್ಕಟ್ಟು, ಕಾಯಿ ತುರಿಯಲು ಈಳಿಗೆ ಇಟ್ಟುಕೊಂಡು ಕೂರುವುದಕ್ಕೂ ಆಗುವುದಿಲ್ಲ. "ಇದ್ರಲ್ಲಿ ನಾ ಅಡಗಿ ಮಾಡುದಿಲ್ಲ. ಬೇಡ" ಎಂದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. ಗ್ಯಾರೇಜಿನವನ ಎದುರಿಗೇ ಬಾಯಿಬಿಟ್ಟೆ. ಅಪ್ಪ ಇಷ್ಟು ವರ್ಷ ಕಾದು ಆಸೆಪಟ್ಟದ್ದನ್ನು ಒಂದು ಈಳಿಗೆಗಾಗಿ ಹಾಳು ಮಾಡಿದೆ, ನಿನಗೆ ಮನಸ್ಸೇ ಇಲ್ಲ ಎಂದೆ. ಅಮ್ಮ ಕೆಳಗೆ ಬಿದ್ದಿದ್ದ ಪಾತ್ರೆ ಎತ್ತಿ ಗೂಡಿನಲ್ಲಿಟ್ಟಳು. ಅಪ್ಪ, "ಅವ್ಳಿಗೆ ಬೇಡ ಅಂದ್ರೆ ಬೇಡ" ಎಂದು ಬೀಗದಕೈ ಹಿಂದಿರುಗಿಸಿದ.

ಊರಿಗೆ ಹೋಗುವ ಬಸ್ಸಿನಲ್ಲಿ ಅಪ್ಪ ಅಮ್ಮ ಒಂದೇ ಸೀಟಿನಲ್ಲಿ ಕೂತರು, ಅಮ್ಮ ಕಿಟಕಿಯ ಕಡೆಗೆ. ನಾನು ಮುಖ ಊದಿಸಿಕೊಂಡು ಅವರ ಹಿಂದಿನ ಸೀಟಿನಲ್ಲಿ.

ಬಿಣಗಾ ದಾಟಿದ ಮೇಲೆ ಅಪ್ಪ ಮೆಲ್ಲಗೆ, "ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದ.

"ಇವತ್ತೇ. ನಿಮ್ಗೆ?"

"ಹೋದ ಮಳೆಗಾಲ. ಕಣ್ಣಿಗೆ ಔಷಧ ಹಾಕಿದ್ರೂ ಹೋದದ್ದು ಬರುದಿಲ್ಲ ಅಂದ್ರು ಡಾಕ್ಟರು. ಪೂರ್ತಿ ಹೋಗೂ ಮೊದ್ಲು ನಿಂಗೆ ನಾಲ್ಕು ಊರು ತೋರಿಸ್ಬೇಕು ಅಂತ ಇತ್ತು."

"ಆ ಮೀನಿನವ್ಳ ಮನೇಲೂ ಮಕ್ಳು ಕಾಯ್ತಾ ಇರ್ತಾರೆ" ಎಂದಳು ಅಮ್ಮ.

"ಹೌದು" ಎಂದ ಅಪ್ಪ. ಅವನ ತಲೆ ತಗ್ಗಿತು.

ನನ್ನ ಕೋಪವೆಲ್ಲ ಜರ್ರನೆ ಇಳಿದುಹೋಯಿತು. ಈಳಿಗೆಯ ಮಾತು ನೆನೆದು, ಬಸ್ಸು ತುಂಬ ಜನರಿದ್ದಾರೆ ಎಂಬುದನ್ನೂ ಮರೆತು ಅತ್ತುಬಿಟ್ಟೆ. ಅಪ್ಪನ ಮಾನ ಉಳಿಸಲು ಅವಳು ನನ್ನ ಬೈಗುಳವನ್ನೂ ನುಂಗಿದ್ದಳು. ಅವಳ ಕ್ಷಮೆ ಕೇಳಬೇಕೆಂದು ಮುಂದಕ್ಕೆ ಬಾಗಿದೆ.

ಆದರೆ ಅಮ್ಮ ಆಗಲೇ ಕಿಟಕಿಗೆ ತಿರುಗಿದ್ದಳು. "ಅಮದಳ್ಳಿ ಬಂತು. ಸ್ಟಾಪು ಮುಂದೆ ಹೋಗಿದೆ. ಐದಾರು ಜನ ಇದ್ದಾರೆ. ಒಬ್ಳು ಮಗೂನ ಎತ್ಕಂಡಿದ್ದಾಳೆ" ಎಂದು ಹೇಳುತ್ತಿದ್ದಳು. ಅಪ್ಪ ಅವಳ ಕಡೆ ಕಿವಿಕೊಟ್ಟು, "ಹೂಂ, ಮತ್ತೆ?" ಎಂದ.