ನಾಗಕ್ಕನ ಗಿರಣಿಯ ಕೊನೆಯ ಚೀಲ

ಬೆಳಿಗ್ಗೆ ಕಪ್ಪಗಿರುತ್ತಿದ್ದ ನಾಗಕ್ಕನ ಹುಬ್ಬುಗಳು ಸಂಜೆಯ ಹೊತ್ತಿಗೆ ಬಣ್ಣ ಬದಲಿಸುತ್ತಿದ್ದವು. ಅಕ್ಕಿ ಬೀಸಿದ ದಿನ ಅಚ್ಚ ಬಿಳುಪು, ರಾಗಿ ಬೀಸಿದ ದಿನ ಬೂದಿ, ಮೆಕ್ಕೆಜೋಳ ಬೀಸಿದ ದಿನ ಅರಿಶಿನ ಹಚ್ಚಿಕೊಂಡ ಮದುಮಗಳ ಹಾಗೆ. ಈಸೂರಿನಿಂದ ಸ್ವಲ್ಪ ಒಳಗಿರುವ ನಮ್ಮ ಊರಿನ ಹಿಟ್ಟಿನ ಗಿರಣಿ ಅವಳದು. ಆ ಗಿರಣಿಯ ಸದ್ದನ್ನು ಮೀರಿಸಿ ವರ್ಷಗಟ್ಟಲೆ ಮಾತಾಡಿ ಅವಳ ದನಿ ಎಂಥದಾಗಿತ್ತೆಂದರೆ, ಗಿರಣಿ ನಿಂತರೂ ಅದು ಇಳಿಯುತ್ತಿರಲಿಲ್ಲ. ಅವಳು ಕಿವಿಯಲ್ಲಿ ಹೇಳಿದ ಮಾತು ಬಸ್ ಸ್ಟಾಪಿನಲ್ಲಿ ನಿಂತವರಿಗೂ ಕೇಳುತ್ತಿತ್ತು. ಗುಟ್ಟಿನ ವಿಷಯವಿದ್ದರೆ ಯಾರೂ ಗಿರಣಿಯ ಕಡೆ ಸುಳಿಯುತ್ತಿರಲಿಲ್ಲ.

ಅವಳಿಗೆ ಎರಡು ಪ್ರೀತಿ. ಒಂದು ಗಿರಣಿ, ಇನ್ನೊಂದು ನಮ್ಮೂರಿನ ಕಬಡ್ಡಿ ತಂಡ. ಗಂಡಸರು ಆಟ ನೋಡಿ ಬಂದು ಮರೆತುಬಿಡುತ್ತಿದ್ದರು. ನಾಗಕ್ಕ ಮರೆಯುತ್ತಿರಲಿಲ್ಲ. ನಮ್ಮವರು ಸೋತ ಮಾರನೆಯ ದಿನ ಗಿರಣಿಯಲ್ಲಿ ಅವಳದೊಂದು ಕಾನೂನು ಜಾರಿಗೆ ಬರುತ್ತಿತ್ತು. ಎದುರಾಳಿಯನ್ನು ಹಿಡಿಯಲಾರದೆ ಬಿಟ್ಟವನು ಯಾರೋ, ಅವನ ಮನೆಯ ಚೀಲ ಸಾಲಿನ ಕೊನೆಗೆ. ಎಷ್ಟು ಬೇಗ ಬಂದು ಇಟ್ಟಿದ್ದರೂ ಸರಿ, ನಾಗಕ್ಕ ಕಾಲಿನಿಂದಲೇ ಅದನ್ನು ಹಿಂದಕ್ಕೆ ತಳ್ಳುತ್ತಿದ್ದಳು.

"ನನ್ನ ಮಗ ಬಿಟ್ರೆ ನನ್ನ ಜೋಳ ಏನ್ ಮಾಡೈತೆ ನಾಗಕ್ಕ?" ಎಂದು ಒಬ್ಬಳು ತಾಯಿ ಜಗಳಕ್ಕೆ ನಿಂತಿದ್ದು ನನಗೆ ನೆನಪಿದೆ.

"ಆ ಜೋಳದ ರೊಟ್ಟಿ ತಿಂದೇ ಅಲ್ವೇನೇ ಅವನು ಬಿಟ್ಟಿದ್ದು? ಇವತ್ತು ಮಧ್ಯಾಹ್ನದ ಮಟ ಕಾಯಿ. ಹೊಟ್ಟೆ ಹಸೀಲಿ, ಹಿಡಿಯಾಕೆ ಬರ್ತೈತೆ."

ಹೀಗಾಗಿ ನಮ್ಮೂರಿನಲ್ಲಿ ಆಟಗಾರರಿಗೆ ಕೋಚ್ ಇರಲಿಲ್ಲ, ತಾಯಂದಿರಿದ್ದರು.

ಆ ವರ್ಷ ನಮ್ಮ ತಂಡ ಆನವಟ್ಟಿ ಕಡೆಯ ಪಂದ್ಯಾವಳಿಯಲ್ಲಿ ಫೈನಲ್ಲಿಗೆ ಬಂದಿತ್ತು. ಬಂದದ್ದೇ ಹೆಚ್ಚು, ಆಡಲು ಉಳಿದವರು ಕಡಿಮೆ. ಬಲಮೂಲೆಯಲ್ಲಿ ನಿಲ್ಲುತ್ತಿದ್ದವನ ಭುಜ ಜಾರಿತ್ತು. ಎಡಮೂಲೆ ಕಾಯುತ್ತಿದ್ದ ಕ್ಯಾಪ್ಟನ್ ಮಂಜನ ಮೊಣಕಾಲು ಬಾತು ಕುಂಬಳಕಾಯಿ ಆಗಿತ್ತು. ಕರೆಂಟು ಹೋದ ಒಂದು ಮಧ್ಯಾಹ್ನ ಗಿರಣಿ ನಿಂತಿತು, ಚರ್ಚೆ ಶುರುವಾಯಿತು. ತಂಡದ ಯಾವ ಆಟವನ್ನೂ ತಪ್ಪಿಸದ ಹಾಲಪ್ಪಜ್ಜ ಅಕ್ಕಿ ಮೂಟೆಯ ಮೇಲೆ ಕೂತಿದ್ದ. ಮಂಜ ಕಾಲು ಚಾಚಿ ಗೋಡೆಗೆ ಒರಗಿದ್ದ.

"ಡಾಕ್ಟ್ರು ಏನಂದ್ರೋ ಮಂಜಾ?" ನಾಗಕ್ಕ ಕೇಳಿದಳು.

"ಕಾಲು ನೆಲಕ್ಕೆ ಊರಬ್ಯಾಡ ಅಂದಾರೆ ಅಕ್ಕ."

"ನೆಲಕ್ಕೆ ಊರದಂಗೆ ಕಬಡ್ಡಿ ಆಡಾಕೆ ನೀನೇನು ಗುಬ್ಬಿಯೇನೋ? ಸುಮ್ಕೆ ಕೂತ್ಕ."

ಹಾಲಪ್ಪಜ್ಜ ಮೀಸೆ ತಿರುವಿದ. "ರೈಡಿಗೆ ಹೋಗೋರು ಚಲೋ ಅದಾರೆ ನಾಗವ್ವ. ಪಾಯಿಂಟು ತರ್ತಾರೆ. ಆದ್ರೆ ತಂದಷ್ಟೂ ನಾವು ವಾಪಸ್ ಕೊಟ್ಟು ಕಳಿಸ್ತೀವಿ. ಹಿಡಿಯೋರೇ ಇಲ್ಲ."

"ಅದನ್ನೇ ನಾನು ಬಡ್ಕೊಳ್ಳೋದು! ತಳ ಹರಿದ ಚೀಲಕ್ಕೆ ಎಷ್ಟು ಹಿಟ್ಟು ಸುರಿದ್ರೇನು? ತಳ ಹೊಲೀರಿ ಮೊದ್ಲು. ಎಡಮೂಲೆಗೆ ಯಾರು?"

ನಾನು ಆಗ ಶಿಕಾರಿಪುರದಲ್ಲಿ ಡಿಗ್ರಿ ಓದುತ್ತಿದ್ದೆ. ಬೆಳಿಗ್ಗೆ ಅಪ್ಪನ ಜೊತೆ ಗದ್ದೆ ಕೆಲಸ, ಆಮೇಲೆ ಬಸ್ಸು, ಕಾಲೇಜು, ಮತ್ತೆ ಬಸ್ಸು. ನಮ್ಮ ವಂಶದಲ್ಲಿ ಹೈಸ್ಕೂಲಿನ ಆಚೆಗೆ ಯಾರೂ ಹೋಗಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಆ ದಾರಿಯನ್ನು ನಾನೇ ನಡೆದಿದ್ದೇನೆ. ಅವತ್ತು ಬಸ್ಸಿಳಿದು ಮನೆಯ ಹಿಟ್ಟು ಒಯ್ಯಲು ಗಿರಣಿಗೆ ಬಂದಿದ್ದೆ. ಮಂಜ ನನ್ನ ಕಡೆ ಬೆರಳು ತೋರಿಸಿದ.

"ಇವನಾ?" ಹಾಲಪ್ಪಜ್ಜ ನಕ್ಕ. "ಪುಸ್ತಕ ಹಿಡಿಯೋನು ಕಾಲು ಹಿಡೀತಾನಾ?"

ನಾಗಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅವರಪ್ಪನ ಮನೇಲಿ ಯಾರೂ ಹಿಡೀದ ಪುಸ್ತಕ ಹಿಡಿದು ಇನ್ನೂ ಬಿಟ್ಟಿಲ್ಲ ಇವನು. ಕಾಲೂ ಬಿಡಲ್ಲ. ನಿಲ್ಲಿಸ್ರಿ."

ಇಷ್ಟು ವರ್ಷಗಳಲ್ಲಿ ನನಗೆ ಹೂವಿನ ಹಾರ ಬಿದ್ದದ್ದೂ ಉಂಟು. ಅದಕ್ಕಿಂತ ದೊಡ್ಡ ಮರ್ಯಾದೆ ಗಿರಣಿಯಲ್ಲಿ ಸಿಕ್ಕ ಆ ಮಾತು.

ಆದರೆ ನಿಜವಾದ ತೊಡಕು ಆಮೇಲೆ ಮಾತಿಗೆ ಬಂತು. ಫೈನಲ್ಲಿನಲ್ಲಿ ನಮ್ಮ ಎದುರಾಳಿ ನಾಗಕ್ಕನ ತವರೂರಿನ ತಂಡ. ಅವರ ಮುಖ್ಯ ರೈಡರ್ ಪರಶುರಾಮ, ಅವಳ ಸ್ವಂತ ಅಣ್ಣನ ಮಗ. ಚಿಕ್ಕವನಿದ್ದಾಗ ರಜೆಯೆಲ್ಲ ಅತ್ತೆಯ ಮನೆಯಲ್ಲೇ ಕಳೆದವನು. ಅವನು ಸೆಮಿಫೈನಲ್ಲಿನಲ್ಲಿ ಎದುರಿನವರನ್ನು ಗುಡಿಸಿ ಹಾಕಿದ್ದ. ಹೇಗೆ ಔಟ್ ಮಾಡುತ್ತಾನೆ ಎಂಬುದು ಹೊಡೆಸಿಕೊಂಡವರಿಗೂ ತಿಳಿದಿರಲಿಲ್ಲ.

"ನಿನ್ನ ಕಣ್ಣೆದುರು ಬೆಳೆದ ಹುಡುಗ," ಎಂದ ಹಾಲಪ್ಪಜ್ಜ. "ಅವನ ಕಾಲಿನ ಚಾಳಿ ನಿಂಗೆ ಗೊತ್ತಿರ್ಬೇಕು."

"ಗೊತ್ತೈತೆ."

"ಹೇಳು ಮತ್ತೆ."

"ಹೇಳಲ್ಲ."

ಮಂಜ ಬಾತ ಕಾಲನ್ನು ಎಳೆದುಕೊಂಡು ಮುಂದೆ ಬಂದ. "ಅಕ್ಕಾ, ಮೂಲೆ ಎರಡೂ ಹೋಗೈತೆ ನಮ್ದು. ಇದೊಂದು ಗೊತ್ತಾದ್ರೆ ಗೆಲ್ತೀವಿ. ನೀನು ಯಾವ ಊರಿನೋಳು ಅಂತ ಹೇಳಿಬಿಡು."

ಆ ಮಾತು ಅವಳಿಗೆ ನಾಟಿತು. ಸೆರಗಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡಳು. "ಈ ಊರಿನೋಳು ಕಣೋ. ಅದಕ್ಕೇ ಹೇಳಲ್ಲ. ಕೂಸು ನನ್ನ ನಂಬಿ ನನ್ನ ಮನ್ಯಾಗೆ ಆಡಿದ್ದು. ಅದನ್ನ ಮಾರಿಕೊಂಡು ಗೆದ್ದ ಊರು ಅನ್ನಿಸ್ಕೊಬೇಕಾ ನಾವು? ಕಣ್ಣು ಬಿಟ್ಟು ಆಡ್ರಿ, ಕೈ ಬಿಡದಂಗೆ ಹಿಡೀರಿ."

ಕರೆಂಟು ಬಂತು. ಅವಳು ಗಿರಣಿ ಚಾಲೂ ಮಾಡಿ ನಮ್ಮೆಲ್ಲರ ಬಾಯಿ ಮುಚ್ಚಿಸಿದಳು.

ಫೈನಲ್ ನಡೆದದ್ದು ಕೊಯ್ಲಾದ ಗದ್ದೆಯಲ್ಲಿ, ಇಳಿಬಿಸಿಲಿನಲ್ಲಿ. ನಾಗಕ್ಕ ಗಿರಣಿಗೆ ಬೀಗ ಹಾಕಿ ನಮ್ಮ ಜೊತೆ ಟ್ರ್ಯಾಕ್ಟರಿನಲ್ಲೇ ಬಂದಿದ್ದಳು. ತವರಿನವರು ಕುರ್ಚಿ ಹಾಕಿ ಕರೆದರು. ಅವಳು ಹೋಗಲಿಲ್ಲ, ನಮ್ಮ ಬದಿಯಲ್ಲಿ ನಿಂತೇ ಇದ್ದಳು. "ಮೂಲೇ! ಮೂಲೆ ನೋಡ್ಕಳೋ!" ಎಂಬ ಅವಳ ಕೂಗಿಗೆ ಮೈಕಿನವನೇ ಮೈಕು ಇಳಿಸಿದ. ಆಶ್ಚರ್ಯವೆಂದರೆ ಪರಶುರಾಮ ಅವತ್ತು ಮಂಕಾಗಿದ್ದ. ಗೆರೆಯ ಹತ್ತಿರವೇ ಸುಳಿದಾಡಿ ವಾಪಸಾಗುತ್ತಿದ್ದ. ಗಾಯಾಳುಗಳ ತಂಡವೆಂದು ನಕ್ಕವರು ನೋಡನೋಡುತ್ತ ಸುಮ್ಮನಾದರು. ಎರಡೂ ಕಡೆ ಅಂಕ ಸಮನಾಗಿತ್ತು. ಉಳಿದಿದ್ದು ಅವನದೇ ಕೊನೆಯ ರೈಡು.

ಬಂದ. ಬಲಕ್ಕೆ ಹೋದ, ಎಡಕ್ಕೆ ಬಂದ, ಏನೂ ಸಿಗದವನಂತೆ ದನಿ ಇಳಿಸಿ ಬೆನ್ನು ತಿರುಗಿಸಿದ. ಹೊರಟನೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಅವನ ಎಡಗಾಲು ಹಿಂದಕ್ಕೆ ಹಾವಿನ ಹಾಗೆ ಬಂದು ನನ್ನ ಮೊಣಕಾಲಿಗೆ ತಾಗಿತು. ನಾನು ಆ ಪಾದ ಹಿಡಿದೆ. ಬಿಡಲಿಲ್ಲ. ನನ್ನನ್ನು ಧೂಳಿನಲ್ಲಿ ಎಳೆದುಕೊಂಡೇ ಹೋದ. ಉಳಿದವರು ಬಂದು ಅವನ ಮೇಲೆ ಬೀಳುವುದರೊಳಗೆ ಅವನ ಬೆರಳ ತುದಿ ಗೆರೆ ಮುಟ್ಟಿತ್ತು. ಒಂದೇ ಒಂದು ಅಂಕದಿಂದ ಸೋತೆವು. ನಾನು ಮಾತ್ರ ಇನ್ನೂ ಅವನ ಕಾಲು ಹಿಡಿದೇ ಇದ್ದೆ. ರೆಫರಿ ಬಂದು ಬಿಡಿಸಿದರು.

ಗೆದ್ದವನು ತನ್ನವರ ಹೆಗಲೇರುವುದು ಬಿಟ್ಟು ನೇರ ನಮ್ಮ ಬದಿಗೆ ಬಂದು ನಾಗಕ್ಕನ ಕಾಲಿಗೆ ಬಿದ್ದ.

"ಅತ್ತೇ, ನೀನು ಇವರಿಗೆ ಹೇಳಿರ್ತೀಯ ಅಂತ ಹೆದರಿ ಇಡೀ ಆಟ ಆ ಕಾಲು ತೆಗೀಲೇ ಇಲ್ಲ. ಕೊನೆಗೆ ಬೇರೆ ದಾರಿ ಇಲ್ದೆ ತೆಗೆದೆ. ಹೇಳಿರ್ಲಿಲ್ವಾ?"

"ಬೆಲ್ಲ ಕದಿಯಾಕೆ ಬಂದಾಗ್ಲೂ ಹಂಗೇ ಮಾಡ್ತಿದ್ದೆ ನೀನು. ಹೊರಟೋನಂಗೆ ಬೆನ್ನು ತೋರ್ಸಿ, ಕೈ ಮಾತ್ರ ಹಿಂದಕ್ಕೆ." ಅವನ ತಲೆಯ ಧೂಳು ಕೊಡವಿದಳು. ಆಮೇಲೆ ಅವರ ಕಡೆಯವರಿಗೆಲ್ಲ ಕೇಳುವಂತೆ ಹೇಳಿದಳು: "ಗೆದ್ವಿ ಅಂತ ಬೀಗಬ್ಯಾಡ್ರಪ್ಪ. ಮೂಲೆ ಮುರಿದ ತಂಡ ನಮ್ದು. ಆದ್ರೂ ಕೊನೇ ಉಸಿರಿನ ಮಟ ನಿಮ್ಮ ಕಾಲು ಬಿಟ್ಟಿಲ್ಲ ನನ್ನ ಹುಡುಗ!"

ಟ್ರ್ಯಾಕ್ಟರಿನಲ್ಲಿ ಮಂಜ ಅವಳ ಪಕ್ಕ ಕೂತ. ಊರು ಬಂದಾಗ ಅವನೇ ಕೈ ಕೊಟ್ಟು ಅವಳನ್ನು ಇಳಿಸಿದ.

ಮಾರನೆಯ ಬೆಳಿಗ್ಗೆ ನನ್ನ ಅವ್ವ ತಾನಾಗಿಯೇ ನಮ್ಮ ಚೀಲವನ್ನು ಸಾಲಿನ ಕೊನೆಗೆ ಇಟ್ಟಳು. ಕಾನೂನು ಎಲ್ಲರಿಗೂ ಒಂದೇ. ನಾಗಕ್ಕ ಗಿರಣಿಯ ಬಾಗಿಲು ತೆರೆದಳು, ಸಾಲು ನೋಡಿದಳು, ಒಳಗೆ ಹೋಗಿ ತನ್ನ ಮನೆಯ ಅಕ್ಕಿ ಚೀಲವನ್ನು ಎಳೆದುಕೊಂಡು ಬಂದು ನಮ್ಮ ಚೀಲದ ಹಿಂದೆ ಇಟ್ಟಳು.

"ನಿಂದ್ಯಾಕೆ ನಾಗಕ್ಕ?" ಎಂದಳು ಅವ್ವ.

"ಬಾಯಿ ಬಿಡದೆ ಸೋಲಿಸಿದೋಳು ನಾನು. ಕಾಯ್ತೀನಿ."

ಅಂದು ಎಲ್ಲರ ಹಿಟ್ಟೂ ಆದ ಮೇಲೆ, ನಾಗಕ್ಕನ ಸರದಿ ಬರುವ ಹೊತ್ತಿಗೆ ಕರೆಂಟು ಹೋಯಿತು. ಸ್ವಂತ ಗಿರಣಿಯ ಮುಂದೆ ಸಂಜೆಯವರೆಗೂ ತನ್ನ ಚೀಲದ ಮೇಲೆ ಕೂತು ಕಾದಳು. ಎದುರುಮನೆಯವರು ಹಿಟ್ಟು ತಂದುಕೊಟ್ಟರೆ ಬೇಡವೆಂದಳು.

ಡಿಗ್ರಿ ಮುಗಿಸಿ ನಾನೀಗ ಸೊರಬದಲ್ಲಿ ಮೇಷ್ಟ್ರಾಗಿದ್ದೇನೆ. ಕೆಲಸ ಸಿಕ್ಕ ಸುದ್ದಿ ಹೇಳಲು ಹೋದಾಗ ನಾಗಕ್ಕ ಹಾಸಿಗೆ ಹಿಡಿದಿದ್ದಳು, ಗಿರಣಿ ಸೊಸೆ ನೋಡಿಕೊಳ್ಳುತ್ತಿದ್ದಳು. ಅವಳ ಹುಬ್ಬುಗಳು ಆ ಹೊತ್ತಿಗೆ ಹಿಟ್ಟಿಲ್ಲದೆಯೂ ಬೆಳ್ಳಗಾಗಿದ್ದವು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ನಾನು ಅವತ್ತೇ ಅಂದಿದ್ದೆ, ಇವನು ಬಿಡಲ್ಲ ಅಂತ," ಎಂದಳು. ದನಿ ಆಗಲೂ ಬೀದಿಗೆ ಕೇಳುವಷ್ಟಿತ್ತು. ಆಮೇಲೆ ಕೇಳಿದಳು: "ಎಡಮೂಲೆಗೆ ಈಗ ಯಾರು ನಿಲ್ತಾರೆ?"

ಅದೇ ಕೊನೆಯ ಭೇಟಿ.

ಈ ಸಲ ಅದೇ ಪಂದ್ಯಾವಳಿಯನ್ನು ನಮ್ಮೂರು ಗೆದ್ದಿತು. ಮಾರನೆಯ ಬೆಳಿಗ್ಗೆ ನಾನು ಊರಲ್ಲಿದ್ದೆ, ಅವ್ವನ ಚೀಲ ಹೊತ್ತು ಗಿರಣಿಗೆ ಹೋದೆ. ಸಾಲಿನಲ್ಲಿ ಜಗಳ ನಡೆದಿತ್ತು. ಹಿಡಿದು ಗೆಲ್ಲಿಸಿದ ಹುಡುಗನ ತಾಯಿ, ಕೊನೆಯ ಜಾಗ ತನ್ನ ಚೀಲಕ್ಕೇ ಬೇಕೆಂದು ಪಟ್ಟು ಹಿಡಿದಿದ್ದಳು.

"ಗೆದ್ದೋರು ಮುಂದೆ ಬರ್ಬೇಕು ಕಣೇ, ನೀನ್ಯಾಕೆ ಹಿಂದೆ ಹೋಗ್ತಿ?" ಎಂದು ಯಾರೋ ಗದರಿದರು.

"ನಾಗಕ್ಕ ಕೂತ ಜಾಗ ಅದು. ನನ್ನ ಮಗ ದುಡಿದಾನೆ, ನಂಗೆ ಬೇಕು."

ಇನ್ನೊಬ್ಬಳು ತಾಯಿ, ತನ್ನ ಮಗನೂ ಹಿಡಿದಿದ್ದಾನೆ ಎಂದು ಚೀಲ ಎತ್ತಿಕೊಂಡು ಬಂದಳು. ಎಲ್ಲರೂ ಇಟ್ಟಾದ ಮೇಲೆ ಕೊನೆಗೆ ಇಡೋಣವೆಂದು ನಾನು ಅವ್ವನ ಚೀಲವನ್ನು ಇಳಿಸದೆ ಹೆಗಲ ಮೇಲೆ ಹೊತ್ತೇ ನಿಂತೆ.